ಸೆಲ್ಫ್ ಹೊಡೆಯುತ್ತದೆ, ಗಾಡಿ ಚಾಲೂ ಆಗುವುದಿಲ್ಲ
(ಮಹಿಳಾ ವೇದಿಕೆಯ ಮಳೆಗಾಲದ ಸಭೆಯಲ್ಲಿ ಮಾಡಿದ ಮಾತಿನ ಬರಹರೂಪ)



ಕಳೆದ ಸಭೆಯಲ್ಲಿ ಹೋಳಿಗೆಯ ಹೂರಣದ ಹದದ ಬಗ್ಗೆ ಮಾತು ಕೇಳಿದ್ದೀರಿ. ಇವತ್ತು ಬಾನೆಟ್ ಕೆಳಗಿನ ಮಾತು. ನಾನು ಮೆಕ್ಯಾನಿಕ್ ಅಲ್ಲ. ಆದರೆ ಹಳೆಯ ಗಾಡಿಯೊಂದು ನನಗೆ ಪಾಠ ಕಲಿಸಿತು. ಅದನ್ನು ಹೇಳಲೆಂದೇ ನಿಂತಿದ್ದೇನೆ.

ಅದು 2008ರ ಜುಲೈ. ನಾವಾಗ ಪುಣೆಗೆ ಬಂದು ಆರು ವರ್ಷವಾಗಿತ್ತು. ಯಜಮಾನರಿಗೆ ನಾಗಪುರಕ್ಕೆ ವರ್ಗವಾಗಿತ್ತು. ಮನೆಯಲ್ಲಿ ನಾನು, ಮಗಳು, ನಮ್ಮ ಮಾವನವರು. ಮಾವನವರಿಗೆ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಬೆಳಿಗ್ಗೆ ಆರೂವರೆಗೆ ಡಯಾಲಿಸಿಸ್. ನಮ್ಮಲ್ಲಿದ್ದದ್ದು 1997ರ ಮಾರುತಿ 800, ಕಾರ್ಬ್ಯುರೇಟರ್ ಗಾಡಿ.

ಒಂದು ಮಂಗಳವಾರ, ರಾತ್ರಿಯಿಡೀ ಮಳೆ. ಕೀಲಿ ತಿರುಗಿಸಿದರೆ ಸೆಲ್ಫ್ ಚೆನ್ನಾಗಿ ಹೊಡೆಯುತ್ತದೆ, ಎಂಜಿನ್ ತಿರುಗುತ್ತದೆ, ಆದರೆ ಗಾಡಿ ಚಾಲೂ ಆಗದು. ವಾಚ್‌ಮನ್ ಬಂದು ತಳ್ಳಿದ, ಇನ್ನಿಬ್ಬರು ಕೈ ಹಚ್ಚಿದರು. ಏನೂ ಆಗಲಿಲ್ಲ. ಆ ಮಳೆಯಲ್ಲಿ ರಿಕ್ಷಾ ಸಿಗಲಿಲ್ಲ. ಕೊನೆಗೆ ಪಕ್ಕದ ಮನೆಯವರು ತಮ್ಮ ಗಾಡಿಯಲ್ಲಿ ಬಿಟ್ಟು ಬಂದರು. ಹೋಗುವಷ್ಟರಲ್ಲಿ ಮಷೀನ್ ಬೇರೆಯವರಿಗೆ ಹೋಗಿತ್ತು. ಮಧ್ಯಾಹ್ನ ಎರಡರವರೆಗೆ ಮಾವನವರು ಬೆಂಚಿನ ಮೇಲೆ ಏದುಸಿರು ಬಿಡುತ್ತಾ ಕೂತರು. ಕಾಲು ಬಾತಿದ್ದವು. ಅವರು ಒಂದು ಮಾತೂ ಆಡಲಿಲ್ಲ.

ಸಂಜೆ ಮೆಕ್ಯಾನಿಕ್ ಬಂದ. ಬ್ಯಾಟರಿ ಹೊಸದು ಹಾಕಿದ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದ, ಐದು ಸಾವಿರದ ಮೇಲೆ ತೆಗೆದುಕೊಂಡ. ಗಾಡಿ ಒಂದೇ ಸೆಲ್ಫಿಗೆ ಎದ್ದಿತು. ಬದುಕಿದೆ ಅಂದುಕೊಂಡೆ.

ಶುಕ್ರವಾರ ಮತ್ತೆ ಮಳೆ. ಮತ್ತೆ ಅದೇ ಕಥೆ. ನನಗೆ ಅಳುವೇ ಬಂತು. ಕೀಲಿ ತಿರುಗಿಸುತ್ತಲೇ ಇದ್ದೆ. ಬಿಲ್ಡಿಂಗಿನ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಮಾವನವರು ಆಗ ಕರೆದರು: “ಯವ್ವಾ, ಸೆಲ್ಫ್ ಹೊಡಿಯೋದು ಬಿಡು. ಜೋರಾಗೇ ತಿರಗಾಕತ್ತದ, ಬ್ಯಾಟರೀದು ತಪ್ಪಿಲ್ಲ. ಪೆಟ್ರೋಲ್ ವಾಸನಿ ಬರತದೇನು ನೋಡು.”

“ಬರತದ ಮಾವಾರ.”

“ಹಂಗಾದ್ರ ಗ್ಯಾಸ್ ಬಿಟ್ಟೀದಿ, ಕಡ್ಡಿ ಗೀರಿಲ್ಲ ಅಂದಂಗಾತು. ಕೀಲಿ ಕೈಯಾಗ ತಗೊಂಡು ಬಾನೆಟ್ ತಗಿ.”

ಪ್ಲಗ್ಗಿನ ದಪ್ಪ ತಂತಿಗಳು ಒಂದು ಕಪ್ಪು ಮುಚ್ಚಳಕ್ಕೆ ಬಂದು ಸೇರುತ್ತವೆ. ಅದು ಡಿಸ್ಟ್ರಿಬ್ಯೂಟರ್. ತಂತಿಗಳನ್ನು ಕೀಳದೆ ಮುಚ್ಚಳವನ್ನಷ್ಟೇ ಬಿಚ್ಚಿಸಿದರು. ಒಳಗೆ ಮಂಜಿನಂತೆ ತೇವ ಕೂತಿತ್ತು. ಹಳೆಯ ಕಾಟನ್ ಸೀರೆಯ ತುಂಡಿನಿಂದ ಒಳಗೂ ಹೊರಗೂ ಒರೆಸಿದೆ, ತಂತಿಗಳನ್ನೂ ಒರೆಸಿದೆ, ಮುಚ್ಚಳ ಹಾಕಿದೆ. ಎರಡನೇ ಸಲಕ್ಕೆ ಗಾಡಿ ಎದ್ದಿತು. ಆರೂವರೆಗೆ ಐದು ನಿಮಿಷ ಮೊದಲೇ ಆಸ್ಪತ್ರೆಯಲ್ಲಿದ್ದೆವು.

ದಾರಿಯಲ್ಲಿ ಕೇಳಿದೆ: “ಮಂಗಳವಾರನ ಯಾಕ ಹೇಳಲಿಲ್ಲ ಮಾವಾರ?” ಅವರು ಕಿಟಕಿ ಕಡೆ ನೋಡುತ್ತಾ ಅಂದರು: “ನನ್ನ ಯಾರ ಕೇಳಿದ್ರವಾ?”

ಹುಬ್ಬಳ್ಳಿಯಲ್ಲಿ ಇಪ್ಪತ್ತೆಂಟು ವರ್ಷ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದ ಮನುಷ್ಯ ಅವರು. ದಾಂಡೇಲಿ ಘಾಟಿನ ಮಳೆಯಲ್ಲಿ ಎಷ್ಟು ಸಲ ಇದೇ ಮುಚ್ಚಳ ಒರೆಸಿದ್ದರೋ. ನಾನು ಅವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದ ರೋಗಿ ಅಂತ ಮಾತ್ರ ನೋಡಿದ್ದೆ. ಮಂಗಳವಾರ ಸಂಜೆ ಗಾಡಿ ಎದ್ದದ್ದು ಮೆಕ್ಯಾನಿಕ್ಕಿನ ಕೈಗುಣದಿಂದಲ್ಲ, ಮಧ್ಯಾಹ್ನದ ಹೊತ್ತಿಗೆ ತೇವ ತಾನಾಗಿ ಆರಿದ್ದರಿಂದ ಎನ್ನುವುದೂ ಆಮೇಲೆ ಅವರೇ ಬಿಡಿಸಿ ಹೇಳಿದ್ದು. ಮುಚ್ಚಳದಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಹೊಸ ಮುಚ್ಚಳಕ್ಕೆ ಮುನ್ನೂರು ರೂಪಾಯಿ ಒಳಗೇ ಆಯಿತು.

ಈಗ ಅವರು ಕಲಿಸಿದ್ದನ್ನೂ, ಆಮೇಲೆ ನಾನು ಕಲಿತದ್ದನ್ನೂ ಕ್ರಮವಾಗಿ ಹೇಳುತ್ತೇನೆ.

ಮೊದಲು ಕಿವಿಗೊಟ್ಟು ಕೇಳಿ. ಕೀಲಿ ತಿರುಗಿಸಿದಾಗ ಬರೀ ಟಿಕ್ ಟಿಕ್ ಅಂದರೆ ಬ್ಯಾಟರಿ, ಅದರ ತುದಿಗಳು ಅಥವಾ ಸೆಲ್ಫ್ ಮೋಟಾರಿನ ಕಡೆ ನೋಡಬೇಕು. ಎಳೆದೆಳೆದು ನಿಧಾನವಾಗಿ ತಿರುಗಿದರೂ ಬ್ಯಾಟರಿಯನ್ನೇ ಅನುಮಾನಿಸಿ. ಎಂದಿನಂತೆ ಜೋರಾಗಿ ತಿರುಗಿಯೂ ಚಾಲೂ ಆಗದಿದ್ದರೆ ಬ್ಯಾಟರಿ ಬದಲಿಸಿ ಫಲವಿಲ್ಲ. ತಳ್ಳಿಯೂ ಫಲವಿಲ್ಲ. ತಳ್ಳುವುದು ಎಂಜಿನ್ ತಿರುಗಿಸಲು. ಅದು ಆಗಲೇ ತಿರುಗುತ್ತಿದೆಯಲ್ಲ! ಎಂದಿಗಿಂತ ಹಗುರಾಗಿ, ಸರಸರ ತಿರುಗಿದಂತೆ ಕೇಳಿಸಿದರೆ ಟೈಮಿಂಗ್ ಬೆಲ್ಟ್ ಹರಿದಿರಬಹುದು. ಕೂಡಲೇ ನಿಲ್ಲಿಸಿ. ಕೆಲವು ಎಂಜಿನ್‌ಗಳಲ್ಲಿ ವಾಲ್ವ್ ಬಾಗಿ ದೊಡ್ಡ ಖರ್ಚು ಬರುತ್ತದೆ.

ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ. ನಡುವೆ ಅರ್ಧ ನಿಮಿಷವಾದರೂ ಬಿಡಿ. ಇಲ್ಲದಿದ್ದರೆ ಸೆಲ್ಫ್ ಮೋಟಾರು ಕಾಯುತ್ತದೆ, ಬ್ಯಾಟರಿಯೂ ಇಳಿಯುತ್ತದೆ.

ಪೆಟ್ರೋಲ್ ಎಂಜಿನ್ನಿಗೆ ಬೇಕಾದದ್ದು ಮೂರು: ಪೆಟ್ರೋಲ್, ಗಾಳಿ, ಕಿಡಿ. ಒಲೆಯ ಲೆಕ್ಕವೇ.

ಪೆಟ್ರೋಲ್ ಇದೆಯೇ? ಹಳೆಯ ಗಾಡಿಯ ಮುಳ್ಳನ್ನು ನಂಬಬೇಡಿ, ಅದು ಸುಳ್ಳು ಹೇಳುತ್ತದೆ. ಇಂಜೆಕ್ಷನ್ ಗಾಡಿಯಾದರೆ, ಅಂದರೆ ಎಂಪಿಎಫ್‌ಐ ಆದರೆ, ಪಂಪು ಸಾಮಾನ್ಯವಾಗಿ ಟ್ಯಾಂಕಿನೊಳಗೇ ಇರುತ್ತದೆ. ಸೆಲ್ಫ್ ಹೊಡೆಯದೆ ಕೀಲಿ ಆನ್ ಮಾಡಿ, ಹಿಂದಿನ ಸೀಟಿನ ಕಡೆ ಕಿವಿಗೊಡಿ. ಬಹಳಷ್ಟು ಗಾಡಿಗಳಲ್ಲಿ ಎರಡು ಮೂರು ಸೆಕೆಂಡು ಗುಂಯ್ ಎಂಬ ಸದ್ದು ಬಂದು ನಿಲ್ಲಬೇಕು. ಬರದಿದ್ದರೆ ಮೊದಲು ಪಂಪಿನ ಫ್ಯೂಸು, ಆಮೇಲೆ ರಿಲೇ ನೋಡಿಸಿ. ಹತ್ತಿಪ್ಪತ್ತು ರೂಪಾಯಿಯ ಫ್ಯೂಸು ಹೋಗಿದ್ದಕ್ಕೆ ಇಡೀ ಪಂಪು ಬದಲಿಸಿಕೊಂಡವರಿದ್ದಾರೆ.

ಸಿಎನ್‌ಜಿ ಕಿಟ್ ಹಾಕಿಸಿದವರಿಗೆ ಒಂದು ಮಾತು. ಬಹಳಷ್ಟು ಗಾಡಿಗಳು ಪೆಟ್ರೋಲಿನಲ್ಲಿ ಚಾಲೂ ಆಗಿ ಆಮೇಲೆ ಗ್ಯಾಸಿಗೆ ಹೋಗುತ್ತವೆ. ಉಳಿತಾಯದ ಆಸೆಗೆ ಟ್ಯಾಂಕಿನಲ್ಲಿ ತಳಮಟ್ಟದ ಪೆಟ್ರೋಲನ್ನು ತಿಂಗಳುಗಟ್ಟಲೆ ಬಿಟ್ಟರೆ ಪೆಟ್ರೋಲು ಹಳಸುತ್ತದೆ, ಪಂಪು ಕೆಡುತ್ತದೆ. ಕಾಲು ಟ್ಯಾಂಕ್ ಇಟ್ಟುಕೊಳ್ಳಿ. ಆಗಾಗ ಒಂದಷ್ಟು ದೂರ ಪೆಟ್ರೋಲಿನಲ್ಲೇ ಓಡಿಸಿ.

ಕೀಲಿ ಆನ್ ಮಾಡಿದಾಗ ಮುಂದಿನ ದೀಪಗಳನ್ನೂ ನೋಡಿ. ಎಂಜಿನ್ ಚಿತ್ರದ ಹಳದಿ ದೀಪ ಹತ್ತಬೇಕು. ಹತ್ತದಿದ್ದರೆ, ಬಲ್ಬೇ ಹೋಗಿಲ್ಲವೆಂದರೆ, ಗಾಡಿಯ ಕಂಪ್ಯೂಟರಿಗೇ ಕರೆಂಟು ಹೋಗುತ್ತಿಲ್ಲ ಎಂದು ಅನುಮಾನಿಸಬೇಕು. ಕೀಲಿ ಅಥವಾ ಬೀಗದ ಚಿತ್ರ ಮಿನುಗುತ್ತಲೇ ಇದ್ದರೆ ಗಾಡಿ ನಿಮ್ಮ ಕೀಲಿಯನ್ನು ಗುರುತಿಸುತ್ತಿಲ್ಲ. ಇನ್ನೊಂದು ಕೀಲಿ ಹಾಕಿ ನೋಡಿ.

ಪೆಟ್ರೋಲ್ ವಾಸನೆ ಗಾಢವಾಗಿದ್ದರೆ ಎರಡು ಅರ್ಥ: ಕಿಡಿ ಇಲ್ಲ, ಅಥವಾ ಪೆಟ್ರೋಲ್ ಹೆಚ್ಚಾಗಿ ಪ್ಲಗ್ಗುಗಳು ತೊಯ್ದಿವೆ. ಹತ್ತು ನಿಮಿಷ ಬಾನೆಟ್ ತೆಗೆದಿಟ್ಟು ಕಾಯಿರಿ. ಆಮೇಲೆ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಒಮ್ಮೆ ಸೆಲ್ಫ್ ಹೊಡೆಯಿರಿ. ಹೆಚ್ಚು ಗಾಳಿ ಹೋಗಿ ಸರಿಯಾಗಬಹುದು.

ಕಿಡಿಯ ದಾರಿಯಲ್ಲಿ ಮಳೆಗಾಲದ ಶತ್ರುಗಳು ಇಬ್ಬರು: ತೇವ ಮತ್ತು ಇಲಿ. ತೇವದ ಕಥೆ ಹೇಳಿದೆ. ಮಳೆಯಲ್ಲಿ ಬಿಲ ತುಂಬಿದರೆ ಇಲಿಗಳು ಬೆಚ್ಚಗಿನ ಎಂಜಿನ್ ಹುಡುಕಿಕೊಂಡು ಬಂದು ತಂತಿ ಕಡಿಯುತ್ತವೆ. ಬಾನೆಟ್ ತೆಗೆದು ಹಿಕ್ಕೆ, ತುಂಡಾದ ತಂತಿ ಕಾಣುತ್ತವೆಯೇ ನೋಡಿ.

ಕಡೆಗೆ ಮೂರು ‘ಬೇಡ’ಗಳು. ಕಿಡಿ ಬರುತ್ತದೆಯೇ ಎಂದು ಪ್ಲಗ್ಗಿನ ತಂತಿ ಕೈಯಲ್ಲಿ ಹಿಡಿದು ನೋಡುವುದು ಬೇಡ, ಅಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ಕಾರ್ಬ್ಯುರೇಟರಿಗೆ ಕೈಯಿಂದ ಪೆಟ್ರೋಲ್ ಸುರಿಯುವುದು ಬೇಡ, ಬೆಂಕಿ ಹತ್ತೀತು. ವಾಸನೆ ಇರುವಾಗ ಬಾನೆಟ್ ಹತ್ತಿರ ಹೇರ್ ಡ್ರೈಯರ್ ಬೇಡ. ಬಟ್ಟೆ ಸಾಕು.

ಇಷ್ಟು ನೋಡಿದ ಮೇಲೂ ಗಾಡಿ ಏಳದಿದ್ದರೆ ಮೆಕ್ಯಾನಿಕ್ಕನ್ನು ಕರೆಯಿರಿ. “ಗಾಡಿ ಕೆಟ್ಟಿದೆ” ಅನ್ನಬೇಡಿ. “ಸೆಲ್ಫ್ ಜೋರಾಗಿ ಹೊಡೆಯುತ್ತದೆ, ಪೆಟ್ರೋಲ್ ವಾಸನೆ ಬರುತ್ತದೆ, ಮಳೆ ಬಂದಾಗ ಮಾತ್ರ ಹೀಗೆ” ಅನ್ನಿ. ಹೀಗೆ ಹೇಳುವವರ ಮುಂದೆ ಬಿಲ್ ಬೆಳೆಸುವುದು ಅಷ್ಟು ಸುಲಭವಲ್ಲ.

ಮಾವನವರು ಆಮೇಲೆ ಎರಡು ವರ್ಷ ನಮ್ಮೊಂದಿಗಿದ್ದರು. ಪ್ರತಿ ಭಾನುವಾರ ಅವರ ಕುರ್ಚಿಯನ್ನು ಗಾಡಿಯ ಪಕ್ಕ ಹಾಕುತ್ತಿದ್ದೆ. ಅವರು ಹೇಳುವುದು, ನಾನು ಬಿಚ್ಚುವುದು. ಮಗಳು ಪಾನಾ ಎತ್ತಿಕೊಡುವುದು. ಆ ಎರಡು ವರ್ಷದಲ್ಲಿ ನಾನು ಕಲಿತದ್ದಕ್ಕಿಂತ ಅವರು ಆಡಿದ ಮಾತೇ ಹೆಚ್ಚು. ಹುಬ್ಬಳ್ಳಿಯ ಸ್ಟ್ಯಾಂಡು, ಟ್ಯಾಕ್ಸಿಯ ಗೆಳೆಯರು, ತೀರಿಹೋದ ನಮ್ಮ ಅತ್ತೆಯವರನ್ನು ಮದುವೆಯಾಗಿ ಕರೆತಂದ ದಾರಿ, ಎಲ್ಲ ಆ ಬಾನೆಟ್ಟಿನ ಮುಂದೆಯೇ ಕೇಳಿದ್ದು.

ಊಟವಾದ ಮೇಲೆ ಕೆಳಗೆ ಪಾರ್ಕಿಂಗಿನಲ್ಲಿ ನನ್ನ ಗಾಡಿಯ ಬಾನೆಟ್ ತೆಗೆಯುತ್ತೇನೆ. ನೀವೂ ನಿಮ್ಮ ಕೀಲಿ ತನ್ನಿ, ಎಲ್ಲರೂ ತಮ್ಮ ತಮ್ಮ ಫ್ಯೂಸ್ ಬಾಕ್ಸ್ ಎಲ್ಲಿದೆ ಅಂತಾದರೂ ನೋಡಿಕೊಂಡು ಹೋಗೋಣ.