ಅಂಚಿನಿಂದ ನಡುವಿಗೆ: ಕೌದಿಯ ವಿನ್ಯಾಸ ಮತ್ತು ಹೊಲಿಗೆ

ಉಟ್ಟು ಹಳತಾದ ಬಟ್ಟೆಯನ್ನು ಪದರಪದರವಾಗಿ ಹಾಸಿ, ಅದರ ಮೇಲೆ ಬಣ್ಣಬಣ್ಣದ ತೇಪೆಗಳನ್ನು ಕೂರಿಸಿ, ಎಲ್ಲವನ್ನೂ ಕೈಹೊಲಿಗೆಯಿಂದ ಬಿಗಿದ ಹೊದಿಕೆಯನ್ನು ಕೌದಿ ಎನ್ನುತ್ತಾರೆ. ಉತ್ತರ ಕನ್ನಡ ಜಿಲ್ಲೆಯಲ್ಲಿ ಈ ಕಲೆ ಅತ್ಯಂತ ದಿಟ್ಟವಾದ ರೂಪ ಪಡೆದಿರುವುದು ಘಟ್ಟದ ಮೇಲಿನ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರ ಕೈಯಲ್ಲಿ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗೋವೆಗೆ ಗುಲಾಮರಾಗಿ ಬಂದವರಲ್ಲಿ ಹಲವರು ತಪ್ಪಿಸಿಕೊಂಡು ಸಹ್ಯಾದ್ರಿಯ ಕಾಡುಗಳಲ್ಲಿ ನೆಲೆಸಿದರೆಂದೂ, ಅವರ ಸಂತತಿಯೇ ಇಂದಿನ ಸಿದ್ದಿಗಳೆಂದೂ ಇತಿಹಾಸಕಾರರು ಹೇಳುತ್ತಾರೆ. 2003ರಲ್ಲಿ ಈ ಸಮುದಾಯವನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಅವರಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ. ಕೆಲವು ಕೌದಿಗಳಲ್ಲಿ ಅರ್ಧಚಂದ್ರವೋ ಶಿಲುಬೆಯೋ ತೇಪೆಯಾಗಿ ಕಾಣಿಸಿಕೊಂಡರೂ ಹೊಲಿಯುವ ಕ್ರಮ ಮಾತ್ರ ಮೂವರದೂ ಒಂದೇ.

ಆ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಕೌದಿಯ ವಿನ್ಯಾಸವೆಲ್ಲ ಅಡಗಿರುವುದು ಅಲ್ಲಿಯೇ. ಪಾಶ್ಚಾತ್ಯ ದೇಶಗಳ ರೂಢಿಯಲ್ಲಿ ಮೊದಲು ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಮೇಲ್ಪದರವನ್ನು ಸಿದ್ಧಪಡಿಸಿ, ಬಳಿಕ ಅದರ ಕೆಳಗೆ ಹತ್ತಿಯ ತೆಳುಹಾಸು ಮತ್ತು ತಳದ ಬಟ್ಟೆಯನ್ನಿಟ್ಟು, ಸಾಮಾನ್ಯವಾಗಿ ನಡುವಿನಿಂದ ಅಂಚಿನತ್ತ ಹೊಲಿಯುತ್ತಾರೆ. ಹೀಗೆ ಮಾಡಿದರೆ ಬಟ್ಟೆಯಲ್ಲಿ ಉಳಿದ ಸಡಿಲು ಹೊರಕ್ಕೆ ಸರಿದುಹೋಗುತ್ತದೆ. ಸಿದ್ದಿ ಹೆಂಗಸರು ಇದಕ್ಕೆ ತದ್ವಿರುದ್ಧವಾಗಿ ಒಂದು ಮೂಲೆಯಿಂದ ಆರಂಭಿಸಿ, ಅಂಚನ್ನು ಅನುಸರಿಸುತ್ತ ಸುತ್ತು ಹಾಕಿ, ಸುತ್ತಿನೊಳಗೆ ಸುತ್ತಾಗಿ ನಡುವಿಗೆ ಬಂದು ಮುಟ್ಟುತ್ತಾರೆ. ತೇಪೆಯ ಅಂಚನ್ನು ಒಳಕ್ಕೆ ಮಡಚಿ ಇಟ್ಟ ಕೂಡಲೇ ಅದನ್ನು ತಳದ ಸೀರೆಗೆ ಸೇರಿಸಿ ಹೊಲಿಯುವುದರಿಂದ, ತೇಪೆ ಕೂರಿಸುವ ಹೊಲಿಗೆಯೇ ಪದರಗಳನ್ನು ಬಿಗಿಯುವ ಹೊಲಿಗೆಯೂ ಆಗುತ್ತದೆ. ಸಡಿಲು ನಡುವಿನಲ್ಲಿ ಗುಡ್ಡೆಗಟ್ಟದಂತೆ ಪ್ರತಿ ಸಾಲಿನಲ್ಲೂ ಅಂಗೈಯಿಂದ ಸವರಿ ಹಂಚುತ್ತ ಬರಬೇಕಾದ್ದರಿಂದ ಕೌದಿಯ ಮೈ ತುಂಬ ಸಣ್ಣ ಸಣ್ಣ ಅಲೆಗಳು ಮೂಡುತ್ತವೆ. ಇದನ್ನು ಕುಂದೆಂದು ಎಣಿಸುವವರು ಆ ಅಲೆಗಳೇ ಪದರಗಳ ನಡುವೆ ಗಾಳಿಯನ್ನು ಹಿಡಿದಿಟ್ಟು ಹೊದಿಕೆಗೆ ಬಿಸುಪು ಕೊಡುತ್ತವೆ ಎಂಬುದನ್ನು ಗಮನಿಸಿರುವುದಿಲ್ಲ.

ಮೊದಲೇ ಬರೆದಿಟ್ಟ ನಕ್ಷೆಯಿಲ್ಲ ಎಂದಮಾತ್ರಕ್ಕೆ ವಿನ್ಯಾಸವಿಲ್ಲ ಎಂದಲ್ಲ. ಹೊರಸುತ್ತಿನಲ್ಲಿ ಇಟ್ಟ ಬಣ್ಣವು ಒಳಸುತ್ತಿನ ಬಣ್ಣವನ್ನು ಕಟ್ಟುಪಡಿಸುತ್ತದೆ. ಚೀಲದಲ್ಲಿ ಉಳಿದಿರುವ ಚಿಂದಿ ಎಷ್ಟು, ಯಾವ ಬಣ್ಣದ್ದು ಎಂಬುದು ಮುಂದಿನ ಆಯ್ಕೆಯನ್ನು ಇನ್ನಷ್ಟು ಕಿರಿದುಗೊಳಿಸುತ್ತದೆ. ಕಣ್ಣು ಸೆಳೆಯುವ ಕೌದಿಗಳಲ್ಲಿ ದೊಡ್ಡ ತೇಪೆಗಳು ವಿಶ್ರಾಂತಿಯ ಜಾಗಗಳಾಗಿ ಉಳಿದು, ಅವುಗಳ ಮೇಲೆ ಕೂರಿಸಿದ ಉಜ್ವಲ ಬಣ್ಣದ ಪುಟ್ಟ ಚೌಕಗಳು ನೋಟವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುತ್ತವೆ. ಹೊಸದಾಗಿ ಕಲಿಯುವವರು ಬಣ್ಣಗಳ ಹೆಸರಿಗಿಂತ ಅವುಗಳ ತಿಳಿ ಮತ್ತು ಗಾಢತೆಯ ಅಂತರಕ್ಕೆ ಹೆಚ್ಚು ಗಮನ ಕೊಡಬೇಕು: ಗಾಢ ಕೆಂಪಿನ ಪಕ್ಕದಲ್ಲಿ ಗಾಢ ಹಸಿರನ್ನಿಟ್ಟರೆ ಎರಡೂ ದೂರದಿಂದ ಒಂದೇ ಮಬ್ಬಾಗಿ ಕಾಣುತ್ತವೆ, ತಿಳಿಹಳದಿಯನ್ನಿಟ್ಟರೆ ಎರಡೂ ಎದ್ದು ನಿಲ್ಲುತ್ತವೆ. ಕಣ್ಣನ್ನು ಅರೆಮುಚ್ಚಿ ನೋಡಿದರೆ ಈ ಅಂತರ ಸುಲಭವಾಗಿ ತಿಳಿಯುತ್ತದೆ. ಕೊನೆಯಲ್ಲಿ ನಾಲ್ಕು ಮೂಲೆಗಳಿಗೂ ಬಟ್ಟೆಯನ್ನು ಮಡಚಿ ಮಾಡಿದ ಮುಮ್ಮೂಲೆಯ ‘ಫೂಲ’, ಅಂದರೆ ಹೂವನ್ನು, ಹಚ್ಚುತ್ತಾರೆ. ಅದಿಲ್ಲದ ಕೌದಿ ಬೆತ್ತಲೆಯೆಂದು ಸಿದ್ದಿ ಹೆಂಗಸರ ಎಣಿಕೆ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಶತಮಾನದ ಮೊದಲ ದಶಕದಲ್ಲಿ ಈ ಕೌದಿಗಳನ್ನು ಅಧ್ಯಯನ ಮಾಡಿ ಹೊರದೇಶಗಳಿಗೆ ಪರಿಚಯಿಸಿದರು. ಅಲಬಾಮ ರಾಜ್ಯದ ಗೀಸ್ ಬೆಂಡ್ ಎಂಬ ಹಳ್ಳಿಯಲ್ಲಿ ಹತ್ತಿ ತೋಟದ ಗುಲಾಮರ ಸಂತತಿಯ ಹೆಂಗಸರು ಹೊಲಿದ ಹೊದಿಕೆಗಳು 2002ರಲ್ಲಿ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡು ಹೆಸರಾಗಿದ್ದವು. ಎರಡನ್ನೂ ಅಕ್ಕಪಕ್ಕ ಇಟ್ಟವರು ಆಫ್ರಿಕದ ಮೂಲಸ್ಮೃತಿಯನ್ನು ನೆನೆಯುವುದು ಸಹಜವೇ. ಆದರೆ ಸಿದ್ದಿಗಳಲ್ಲದ ಕನ್ನಡದ ಹೆಂಗಸರೂ ಕೌದಿ ಹೊಲಿಯುವಾಗ, ಎಲ್ಲವನ್ನೂ ವಂಶದ ಲೆಕ್ಕಕ್ಕೆ ಬರೆಯುವುದು ಅವಸರದ ತೀರ್ಮಾನವಾಗುತ್ತದೆ.

ಕೌದಿಗೆ ಬೇಕಾದ ಹತ್ತಿಗೂ ಘಟ್ಟದ ಕೆಳಗಿನ ಕುಮಟಾಕ್ಕೂ ಹಳೆಯ ನಂಟಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಸಾಗುತ್ತಿದ್ದುದರಿಂದ, ಹತ್ತಿ ಬೆಳೆಯದ ಆ ಊರಿನ ಹೆಸರೇ ಒಂದು ಹತ್ತಿಯ ತಳಿಗೆ ಅಂಟಿಕೊಂಡಿತು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತಾಗ ಈ ವ್ಯಾಪಾರ ಉಬ್ಬಿತು. 1880ರ ದಶಕದಲ್ಲಿ ಮರ್ಮಗೋವೆಗೆ ರೈಲುಮಾರ್ಗ ಬಂದಮೇಲೆ ಇಳಿಯಿತು.

ಕರಾವಳಿಯ ಮನೆಗಳಲ್ಲಿ ಕೌದಿ ಹೊಲಿಯಬಯಸುವವರು ಹವೆಯನ್ನು ಮರೆಯುವಂತಿಲ್ಲ. ಭಟ್ಕಳ, ಹೊನ್ನಾವರ, ಕುಮಟಾಗಳ ಮಳೆಗಾಲದಲ್ಲಿ ದಪ್ಪ ಹೊದಿಕೆ ಒಣಗದೆ ಬೂಸರು ಹಿಡಿಯುವುದರಿಂದ ಎರಡು ಅಥವಾ ಮೂರು ಪದರಗಳೇ ಸಾಕು. ಐದೂವರೆ ಮೀಟರಿನ ಹತ್ತಿ ಸೀರೆಯನ್ನು ಉದ್ದಕ್ಕೆ ಮೂರು ಮಡಿಕೆ ಹಾಕಿದರೆ ಸುಮಾರು 6 ಅಡಿ ಉದ್ದದ, ಸೀರೆಯ ಪನ್ನದಷ್ಟೇ, ಅಂದರೆ ನೇಯ್ದ ಅಗಲದಷ್ಟೇ ಅಗಲದ ತಳ ಸಿಗುತ್ತದೆ; ಬೇರೆ ಕತ್ತರಿಕೆ ಬೇಕಿಲ್ಲ. ತೇಪೆಗಳೂ ಹಲವು ಸಲ ಒಗೆದ ಹತ್ತಿಯವೇ ಆಗಿರಬೇಕು, ಏಕೆಂದರೆ ಹೊಸ ಬಟ್ಟೆ ಮೊದಲ ಒಗೆತದಲ್ಲಿ ಕುಗ್ಗಿ ಸುತ್ತಲಿನ ಹಳೆಯ ಬಟ್ಟೆಯನ್ನು ಎಳೆದು ಹರಿಯುತ್ತದೆ. ಪಾಲಿಯೆಸ್ಟರ್ ಸೀರೆಯ ತುಂಡು ಹೊಳಪಿನಿಂದ ಆಸೆ ಹುಟ್ಟಿಸಿದರೂ ಸೂಜಿಗೆ ಜಾರುತ್ತದೆ, ಬೆವರನ್ನೂ ಹೀರುವುದಿಲ್ಲ.

ಹೊಲಿಯದೆ ಕೊಳ್ಳುವವರು ಕೌದಿಯ ಬೆನ್ನನ್ನು ಮೊದಲು ತಿರುಗಿಸಿ ನೋಡಲಿ. ಅಲ್ಲಿ ತೇಪೆಗಳ ಬೆಡಗು ಇರುವುದಿಲ್ಲ, ಹೊಲಿಗೆಯ ಸಾಲುಗಳಷ್ಟೇ ಇರುತ್ತವೆ. ಸಾಲುಗಳು ಒತ್ತಾಗಿದ್ದು, ಎಳೆಗಳು ಎಲ್ಲಿಯೂ ಸಡಿಲವಾಗಿ ನೇತಾಡದಿದ್ದರೆ ಆ ಕೌದಿಗೆ ಕೇಳಿದ ಬೆಲೆಯನ್ನು ಚೌಕಾಸಿ ಮಾಡದೆ ಕೊಡಬಹುದು.