ಕೋಣೆಯ ಅನುರಣನವನ್ನು ಅಳೆಯುವುದು ಹೇಗೆ?



ಕೆಲವು ವರ್ಷಗಳ ಹಿಂದೆ ಕೊಳ್ಳೇಗಾಲದ ಒಂದು ಸಭಾಂಗಣಕ್ಕೆ ಕಂಸಾಳೆ ಮೇಳದ ಮುದ್ರಣಕ್ಕಾಗಿ ಹೋಗಿದ್ದೆವು. ಸಿಮೆಂಟಿನ ಗೋಡೆ, ನುಣುಪಾದ ನೆಲ, ತಗಡಿನ ಚಾವಣಿ. ಮೇಳದ ಹಿರಿಯರು ಒಂದು ಪದ ಹಾಡಿ ನಿಲ್ಲಿಸಿ, "ಈ ಮನೆಯೇ ಪದವ ನುಂಗ್ತದ ಸ್ವಾಮಿ" ಎಂದರು. ನಾನು ನಕ್ಕು ಮುಂದುವರಿಸಿದೆ. ಸ್ಟುಡಿಯೋಗೆ ಬಂದು ಕೇಳಿದರೆ ಕಂಚಿನ ತಾಳದ ಝೇಂಕಾರವೇ ತುಂಬಿತ್ತು; ಮಾದಪ್ಪನ ಕಥೆಯ ಮಾತು ಒಂದೂ ತಿಳಿಯುತ್ತಿರಲಿಲ್ಲ.

ಹಾಗೇಕಾಯಿತು? ನಾವು ಹೊರಡಿಸಿದ ಸದ್ದು ಗೋಡೆ, ನೆಲ, ಚಾವಣಿಗಳಿಗೆ ಬಡಿದು ಮತ್ತೆ ಮತ್ತೆ ಹಿಂದಿರುಗುತ್ತದೆ. ಮೂಲ ನಿಂತ ಮೇಲೂ ಉಳಿಯುವ ಈ ಸದ್ದೇ ಅನುರಣನ. ಸದ್ದಿನ ಶಕ್ತಿ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ, ಅಂದರೆ 60 ಡೆಸಿಬೆಲ್‌ನಷ್ಟು, ಕುಗ್ಗಲು ಬೇಕಾದ ಸಮಯವೇ ಅನುರಣನ ಕಾಲ. 1895ರ ಸುಮಾರಿಗೆ ಅಮೆರಿಕದ ಹಾರ್ವರ್ಡ್‌ನಲ್ಲಿ ವ್ಯಾಲೇಸ್ ಸಬೈನ್ ಎಂಬ ಭೌತವಿಜ್ಞಾನಿ ಒಂದು ಆರ್ಗನ್ ಕೊಳವೆ ಮತ್ತು ಗಡಿಯಾರ ಹಿಡಿದು ಇದನ್ನು ಅಳೆದರು. ಕೋಣೆಯ ಘನಗಾತ್ರವನ್ನು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿದರೆ ಈ ಕಾಲ ಸಿಗುತ್ತದೆ ಎಂಬುದು ಅವರ ಸೂತ್ರ.

ಒಂದು ಸಭಾಂಗಣ 12 ಮೀಟರ್ ಉದ್ದ, 8 ಮೀಟರ್ ಅಗಲ, 4 ಮೀಟರ್ ಎತ್ತರ ಇದೆಯೆನ್ನಿ. ಘನಗಾತ್ರ 384 ಘನ ಮೀಟರ್. ಖಾಲಿ ಇದ್ದಾಗ ಹೀರಿಕೆ 20 ಚದರ ಮೀಟರ್ ಆದರೆ ಅನುರಣನ ಕಾಲ ಸುಮಾರು 3 ಸೆಕೆಂಡು. ಜನ ತುಂಬಿ ಹೀರಿಕೆ 60ಕ್ಕೇರಿದರೆ ಸುಮಾರು 1 ಸೆಕೆಂಡು. ನಮ್ಮ ಉಡುಪು, ಮೈ ಎಲ್ಲವೂ ಸದ್ದನ್ನು ಹೀರುತ್ತವೆ.

ಸೂತ್ರ ಅಂದಾಜು ಕೊಡುತ್ತದೆ. ನಿಜ ತಿಳಿಯಲು ಅಳೆಯಬೇಕು. ಅದಕ್ಕೆ ಕೋಣೆಯೊಳಗೆ ಯಾವ ಸದ್ದು ಮಾಡಬೇಕು? ಕಂಸಾಳೆಯನ್ನೇ ಬಡಿಯಬಹುದಲ್ಲ ಎಂದೀರಿ. ಅದು ಆಗದು. ಕಂಚು ತಾನೇ ಬಹಳ ಹೊತ್ತು ಮೊಳಗುವುದರಿಂದ ತಾಳದ ದನಿ ಯಾವುದು, ಕೋಣೆಯ ದನಿ ಯಾವುದು ಎಂದು ಬೇರ್ಪಡಿಸಲಾಗದು.

ಮೊದಲನೆಯ ವಿಧಾನ, ಬಲೂನು ಒಡೆಯುವುದು. ಕ್ಷಣಾರ್ಧದಲ್ಲಿ ಮುಗಿಯುವ ಸದ್ದು, ವಿದ್ಯುತ್ತೂ ಬೇಡ. ಆದರೆ ಒಂದು ಬಲೂನಿನಂತೆ ಇನ್ನೊಂದು ಒಡೆಯುವುದಿಲ್ಲ; ಮಂದ್ರ ಸ್ವರಗಳಲ್ಲಿ ಶಕ್ತಿಯೂ ಸಾಲದು.

ಎರಡನೆಯದು, ಧ್ವನಿವರ್ಧಕದಿಂದ ಜಲಪಾತದ ಭೋರ್ಗರೆತದಂಥ ಗದ್ದಲ ಹೊರಡಿಸಿ ತಟ್ಟನೆ ನಿಲ್ಲಿಸುವುದು. ಶಕ್ತಿ ಸಾಕಷ್ಟಿರುತ್ತದೆ. ಆದರೆ ಗದ್ದಲ ಪ್ರತಿ ಸಲವೂ ಬೇರೆಯಾದ್ದರಿಂದ ಹಲವು ಬಾರಿ ಅಳೆದು ಸರಾಸರಿ ತೆಗೆಯಬೇಕು.

ಮೂರನೆಯದನ್ನು 1979ರಲ್ಲಿ ಮನ್‌ಫ್ರೆಡ್ ಶ್ರೋಡರ್ ಸೂಚಿಸಿದರು. ಕೇಳಲು ಗದ್ದಲದಂತೆಯೇ ಇದ್ದರೂ ಇದು ಮೊದಲೇ ಗೊತ್ತಿರುವ ಎರಡು ಅಂಕೆಗಳ ಸರಣಿ. ಬಂದ ಸದ್ದನ್ನು ಕಂಪ್ಯೂಟರು ಮೂಲ ಸರಣಿಯೊಡನೆ ತಾಳೆ ನೋಡಿ ಕೋಣೆಯ ಉತ್ತರವನ್ನು ಹೆಕ್ಕುತ್ತದೆ. ಹದಿನಾರು ಸಲ ನುಡಿಸಿ ಸರಾಸರಿ ಮಾಡಿದರೆ ಹೊರಗಿನ ಗಲಾಟೆ 12 ಡೆಸಿಬೆಲ್ ತಗ್ಗುತ್ತದೆ. ಆದರೆ ಫ್ಯಾನು ತಿರುಗಿದರೆ, ಜನ ಓಡಾಡಿದರೆ, ಧ್ವನಿವರ್ಧಕ ಒಡಕು ದನಿ ಕೊಟ್ಟರೆ ಲೆಕ್ಕ ಕೆಡುತ್ತದೆ.

ನಾಲ್ಕನೆಯದು ಜಾರುವ ಸ್ವರ. 2000ದಲ್ಲಿ ಇಟಲಿಯ ಆಂಜೆಲೊ ಫರೀನಾ ಇದರ ಸುಧಾರಿತ ರೂಪವನ್ನು ಮಂಡಿಸಿದರು. ಸ್ವರ 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ನಿಧಾನವಾಗಿ ಏರುತ್ತದೆ; 30 ಸೆಕೆಂಡಿನಲ್ಲಿ ಏರಿದರೆ ಪ್ರತಿ ಸಪ್ತಕಕ್ಕೆ ಸುಮಾರು 3 ಸೆಕೆಂಡು ದೊರೆಯುತ್ತದೆ. ಧ್ವನಿವರ್ಧಕದ ಒಡಕು ದನಿ ಲೆಕ್ಕದಲ್ಲಿ ಬೇರೆಯೇ ಆಗಿ ನಿಲ್ಲುತ್ತದೆ. ಇಂದು ಹೆಚ್ಚಿನವರು ನೆಚ್ಚುವುದು ಇದನ್ನೇ. ಆದರೂ ನಡುವೆ ಯಾರೋ ಬಾಗಿಲು ಬಡಿದರೆ ಮತ್ತೆ ಮೊದಲಿನಿಂದ ಅಳೆಯಬೇಕು.

ಹಾಗಾದರೆ ಯಾವುದು ಮೇಲು? ಸ್ಥಳವನ್ನು ನೋಡಿ ಹೇಳಬೇಕು. ಹನೂರಿನಲ್ಲಿ ನಾವು ಹೋದ ದಿನ ಕರೆಂಟು ಇರಲಿಲ್ಲ, ಬಲೂನೇ ಗತಿಯಾಯಿತು. ಯಳಂದೂರಿನಲ್ಲಿ ಫ್ಯಾನು ನಿಲ್ಲಿಸಿ ಜಾರುವ ಸ್ವರ ನುಡಿಸಿದೆವು. ರಸ್ತೆಯ ಸದ್ದಿನಿಂದ 60 ಡೆಸಿಬೆಲ್ ಇಳಿತ ಪೂರ್ತಿ ಕಾಣದಿದ್ದರೆ 30 ಡೆಸಿಬೆಲ್ ಇಳಿತದ ಕಾಲವನ್ನು ಎರಡರಿಂದ ಗುಣಿಸಿದರಾಯಿತು.

ಕೊಳ್ಳೇಗಾಲದ ಆ ಸಭಾಂಗಣಕ್ಕೂ ಮತ್ತೆ ಹೋದೆವು. ಅಳೆದೆವು, ಗೋಡೆಗೆ ಜಮಖಾನ ತೂಗುಹಾಕಿದೆವು, ಮೈಕನ್ನು ಹಾಡುಗಾರರ ಹತ್ತಿರ ಸರಿಸಿದೆವು. ಮಾತು ಸ್ಪಷ್ಟವಾಯಿತು. ಆದರೆ ಹಾಡಲು ಆ ಹಿರಿಯರು ಇರಲಿಲ್ಲ, ತೀರಿಕೊಂಡಿದ್ದರು. ಅವರ ಕಂಠದ ಹಳೆಯ ಮುದ್ರಿಕೆ ನಮ್ಮಲ್ಲಿದೆ. ಮಾತು ಮಾತ್ರ ಇಂದಿಗೂ ತಿಳಿಯುವುದಿಲ್ಲ.

ನಿಮ್ಮ ತರಗತಿಯಲ್ಲೂ ಇದೇ ನಡೆಯುತ್ತಿರಬಹುದು. ಸಣ್ಣ ತರಗತಿಗೆ ಅನುರಣನ ಕಾಲ 0.6 ಸೆಕೆಂಡು ಮೀರಬಾರದೆಂದು ಅಮೆರಿಕದ ಮಾನದಂಡವೊಂದು ಹೇಳುತ್ತದೆ. ಕೋಣೆ ಖಾಲಿ ಇದ್ದಾಗ ಒಂದು ಬಲೂನು ಒಡೆಯಿರಿ, ಎಲ್ಲರೂ ಕುಳಿತಾಗ ಇನ್ನೊಂದು. ಎರಡನ್ನೂ ಮೊಬೈಲಿನಲ್ಲಿ ಮುದ್ರಿಸಿ ಹೋಲಿಸಿ. ಸದ್ದಿನ ಮಟ್ಟವನ್ನು ತಾನೇ ಏರಿಳಿಸುವ ವ್ಯವಸ್ಥೆಯಿದ್ದರೆ ಅದನ್ನು ನಿಲ್ಲಿಸಿಕೊಳ್ಳಿ. ಕೊನೆಯ ಬೆಂಚಿನವರು "ಪಾಠ ಕೇಳಿಸಲಿಲ್ಲ ಸಾರ್" ಎಂದರೆ ಗದರುವ ಮೊದಲು ಕೋಣೆಯನ್ನೊಮ್ಮೆ ಪರೀಕ್ಷಿಸೋಣ ಎಂದು ನಿಮ್ಮ ಅಧ್ಯಾಪಕರಿಗೆ ಹೇಳಿ.