ಹಸುವಿಗೂ ಬೇಕು ಲಸಿಕೆಯ ರಕ್ಷೆ



ನಿಮ್ಮಲ್ಲಿ ಅನೇಕರ ಮನೆಯ ಕೊಟ್ಟಿಗೆಯಲ್ಲಿ ಮಿಶ್ರತಳಿ ಹಸುವಿರಬಹುದು. ಡೇರಿಗೆ ಹಾಕುವ ಹಾಲಿನ ಹಣದಿಂದಲೇ ನಿಮ್ಮ ಓದಿನ ಖರ್ಚು ನಡೆಯುತ್ತಿರಬಹುದು. ಅಂಥ ಹಸು ಒಂದು ದಿನ ಮೇವು ಬಿಡುತ್ತದೆ, ಮೈ ಸುಡುತ್ತದೆ, ಭುಜದ ಮುಂದಿನ ದುಗ್ಧಗ್ರಂಥಿ ಊದಿಕೊಳ್ಳುತ್ತದೆ, ಹಾಲು ಇಳಿಯುತ್ತದೆ. ಇವು ಥೈಲೇರಿಯಾ ರೋಗದ ಲಕ್ಷಣಗಳಾಗಿರಬಹುದು. ತಡಮಾಡಿದರೆ ಹಸು ಉಳಿಯುವುದು ಕಷ್ಟ.

ಈ ರೋಗಕ್ಕೆ ಕಾರಣ 'ಥೈಲೇರಿಯಾ ಅನ್ಯುಲೇಟ' ಎಂಬ ಏಕಕೋಶ ಪರಾವಲಂಬಿ ಜೀವಿ. ಇದನ್ನು ಹರಡುವುದು ಹಯಲೋಮ ಜಾತಿಯ ಉಣುಗು. ನಾಟಿ ದನಗಳಿಗೆ ಸೋಂಕು ತಗುಲಿದರೂ ಸಾಮಾನ್ಯವಾಗಿ ಅವು ತಡೆದುಕೊಳ್ಳುತ್ತವೆ. ಜರ್ಸಿ, ಹೋಲ್‌ಸ್ಟೀನ್ ಫ್ರೀಸಿಯನ್ ಮಿಶ್ರತಳಿಗಳಿಗೆ ಆ ಶಕ್ತಿ ಕಡಿಮೆ.

ಉಣುಗು ರಕ್ತ ಹೀರುವಾಗ ಈ ಜೀವಿ ಹಸುವಿನ ದೇಹ ಸೇರಿ, ಬಿಳಿ ರಕ್ತಕಣದೊಳಗೆ ನೆಲೆಸುತ್ತದೆ. ಆಗ ದೇಹವನ್ನು ಕಾಯಬೇಕಾದ ಆ ಕಣವೇ ಕ್ಯಾನ್ಸರ್ ಕೋಶದಂತೆ ಎಡೆಬಿಡದೆ ವಿಭಜನೆಯಾಗುತ್ತದೆ. ಒಳಗಿನ ಪರಾವಲಂಬಿಯೂ ಅದರೊಡನೆ ಹೆಚ್ಚುತ್ತದೆ. ಮುಂದೆ ಅದು ಕೆಂಪು ರಕ್ತಕಣಗಳನ್ನು ಹೊಕ್ಕಾಗ ರಕ್ತಹೀನತೆ ಉಂಟಾಗುತ್ತದೆ.

ಸ್ವಾರಸ್ಯವೆಂದರೆ, ಹಸುವಿಗೆ ಮಾರಕವಾದ ಈ ಗುಣವೇ ವಿಜ್ಞಾನಿಗಳಿಗೆ ನೆರವಾಯಿತು. ಸೋಂಕಿದ ಬಿಳಿ ರಕ್ತಕಣಗಳನ್ನು ಪ್ರಯೋಗಶಾಲೆಯಲ್ಲಿ ಬಹುಕಾಲ ಬೆಳೆಸಬಹುದು. ಹೀಗೆ ಮತ್ತೆ ಮತ್ತೆ ಬೆಳೆಸಿದಾಗ ಪರಾವಲಂಬಿಯು ರೋಗ ತರುವ ಬಲ ಕಳೆದುಕೊಳ್ಳುತ್ತದೆ, ಆದರೆ ಜೀವಂತವಾಗಿರುತ್ತದೆ. ಅದೇ ಲಸಿಕೆ. ಹಸುವಿನ ದೇಹ ಈ ದುರ್ಬಲ ವೈರಿಯನ್ನು ಎದುರಿಸಿ, ನಿಜವಾದ ವೈರಿಯನ್ನು ತಡೆಯಲು ಸಿದ್ಧವಾಗುತ್ತದೆ. ನಮ್ಮ ದೇಶದಲ್ಲಿ ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸಂಸ್ಥೆ 'ರಕ್ಷಾವ್ಯಾಕ್-ಟಿ' ಎಂಬ ಹೆಸರಿನಲ್ಲಿ ಇಂಥ ಲಸಿಕೆ ತಯಾರಿಸಿತು.

ಲಸಿಕೆಯೊಳಗಿನ ಕಣಗಳು ಜೀವಂತವಾಗಿಯೇ ಹಳ್ಳಿ ತಲುಪಬೇಕು. ಅದಕ್ಕಾಗಿ ಅವನ್ನು ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗಿನ ದ್ರವ ಸಾರಜನಕದಲ್ಲಿ ಇಡುತ್ತಾರೆ. ಕರಗಿಸಿದ ಮೇಲೆ ತಡಮಾಡದೆ ಚುಚ್ಚಬೇಕು. ದಾರಿಯಲ್ಲಿ ಶೈತ್ಯ ತಪ್ಪಿದರೆ ಸೀಸೆಯಲ್ಲಿ ಲಸಿಕೆ ಇದ್ದೂ ಇಲ್ಲದಂತೆ.

ರೋಗ ಬಂದ ಮೇಲೆ ಬ್ಯೂಪಾರ್ವಕ್ವೋನ್ ಎಂಬ ಔಷಧಿಯುಂಟು. ಆದರೆ ಅದು ದುಬಾರಿ. ಆರಂಭದಲ್ಲೇ ಕೊಟ್ಟರೆ ಮಾತ್ರ ಹೆಚ್ಚು ಫಲ.

ಇನ್ನೊಂದು ಮಾತು ನೆನಪಿಡಿ. ಲಸಿಕೆ ಉಣುಗನ್ನು ಕೊಲ್ಲುವುದಿಲ್ಲ. ಉಣುಗು ತರುವ ಬಬೇಸಿಯಾದಂಥ ಬೇರೆ ರೋಗಗಳನ್ನೂ ತಡೆಯುವುದಿಲ್ಲ. ಈ ಉಣುಗುಗಳು ಕೊಟ್ಟಿಗೆಯ ಗೋಡೆಯ ಬಿರುಕುಗಳಲ್ಲಿ ಅಡಗುತ್ತವೆ. ಆ ಬಿರುಕುಗಳನ್ನು ಮುಚ್ಚಿಸಿ, ಹಸುವಿನ ಕಿವಿ, ಕೆಚ್ಚಲು, ಬಾಲದ ಬುಡವನ್ನು ಆಗಾಗ ನೋಡಿ. ಯಾವ ಕರುವಿಗೆ, ಯಾವಾಗ ಲಸಿಕೆ ಹಾಕಿಸಬೇಕೆಂದು ಪಶುವೈದ್ಯರನ್ನು ಕೇಳಿ ತಿಳಿದು, ಇಂದೇ ಮನೆಯ ಹಿರಿಯರಿಗೆ ಹೇಳಿ.